ಮಂಗಳವಾಗದ ಮಾಸ್ತರ ಪುರಾಣ

ಪುರಾಣವನ್ನು ಕಷ್ಟದ ಜಾಗದಲ್ಲಿ ನಿಲ್ಲಿಸಬಾರದು. ಇದು ನಮ್ಮ ಕಡೆ ಹಿರಿಯರು ಹಾಕಿದ ಕಟ್ಟಳೆ. ಕಥೆಯ ರಾಜ ಕಾಡು ಸೇರಿದ್ದರೆ ಅವನಿಗೊಂದು ನೆಲೆ ಸಿಗುವವರೆಗೆ ಓದಬೇಕು. ಮಗುವಿಗೆ ಹಾವು ಕಚ್ಚಿದ್ದರೆ ವಿಷ ಇಳಿಯುವವರೆಗೆ ಓದಬೇಕು. ಆಮೇಲೆ ಪುಸ್ತಕ ಮಡಚಿ ಮಂಗಳಾರತಿ ಎತ್ತಬೇಕು. ನಡುವೆ ಬಿಟ್ಟರೆ ಆ ಕಷ್ಟ ಪುಸ್ತಕದಲ್ಲಿ ಉಳಿಯುವುದಿಲ್ಲ, ಕೇಳಿದವರ ಬೆನ್ನು ಹತ್ತಿ ಮನೆಗೆ ಬರುತ್ತದೆ. ನಮ್ಮೂರ ಮಾರೆಮ್ಮ ಮುದುಕಿ ತನ್ನ ತವರಿನಲ್ಲಿ ಹಾಗಾದದ್ದನ್ನು ಹೇಳುತ್ತಿದ್ದಳು. ಓದುವವರಿಗೆ ಗಂಟಲು ಕಟ್ಟಿ, ಕಥೆಯ ರಾಣಿ ಹೆರಿಗೆ ಬೇನೆಯಲ್ಲಿದ್ದಾಗಲೇ ಪುಸ್ತಕ ಮಡಚಿದರಂತೆ. ಆ ತಿಂಗಳು ಅವರ ಓಣಿಯಲ್ಲಿ ಇಬ್ಬರು ಬಾಣಂತಿಯರು ತೀರಿಕೊಂಡರಂತೆ. ಹೌದೋ ಅಲ್ಲವೋ, ಅವಳ ಕೂಡ ಯಾರೂ ವಾದ ಮಾಡುತ್ತಿರಲಿಲ್ಲ. ಒಂದು ಸಲ ಓದುವಾಗ ಕಂದೀಲಿನ ಎಣ್ಣೆ ತೀರಿತು. ಜವಳಗೇರಾದವರೆಗೆ ಆಳು ಓಡಿಸಿ ಎಣ್ಣೆ ತರಿಸುವ ತನಕ ಊರ ಜನ ಕತ್ತಲಲ್ಲಿ ಕೂತೇ ಇದ್ದದ್ದನ್ನು ನಾನು ಕಂಡಿದ್ದೇನೆ.

ನಮ್ಮೂರು ಜವಳಗೇರಾದಿಂದ ಮೂರು ಮೈಲು ಒಳಗೆ. ಎಡದಂಡೆ ಕಾಲುವೆಯ ನೀರು ಬರುವ ಮೊದಲು ನಮ್ಮದು ಕುರಿ ಕಾಯುವ ಮನೆ. ನೀರು ಬಂದ ಮೇಲೆ ಮಡ್ಡಿ ನೆಲವೆಲ್ಲ ಗದ್ದೆಯಾಯಿತು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ಭತ್ತ ಹಚ್ಚಿದರು. ಕುರಿ ಕಾಲಿಡಲು ಜಾಗ ಉಳಿಯಲಿಲ್ಲ. ಕುರಿ ಮಾರಿ ನಾನು ಊರ ಶಾಲೆಯ ಜವಾನನಾದೆ. ನಿಜಾಮರ ಕಾಲದಲ್ಲಿ ಎರಡನೇ ಜಮಾತಿನ ತನಕ ಉರ್ದು ಕಲಿತಿದ್ದೆ, ಅಷ್ಟೆ. ಕನ್ನಡದ ಅಕ್ಷರಗಳನ್ನು ಶಾಲೆಯ ಕಸ ಗುಡಿಸುತ್ತ, ಬೋರ್ಡು ಒರೆಸುವ ಮೊದಲು ನೋಡಿ ನೋಡಿ ಕಲಿತುಕೊಂಡೆ.

ಶಾಲೆಗೆ ಮರಿಸ್ವಾಮಿ ಮಾಸ್ತರರು ಬಂದದ್ದೂ ಆಗಲೇ. ಮಸ್ಕಿ ಕಡೆಯ ಜಂಗಮರು, ಒಂಟಿ ಮನುಷ್ಯ. ಅವರ ಧ್ವನಿ ಚೆನ್ನಾಗಿತ್ತು, ಹಾಗಾಗಿ ಶ್ರಾವಣದಲ್ಲಿ ಪುರಾಣ ಓದುವ ಕೆಲಸ ಊರವರು ಅವರಿಗೇ ಒಪ್ಪಿಸಿದರು. ಒಂದು ವರ್ಷ ಶ್ರಾವಣ ಬಂದಾಗ ನೋಡಿದರೆ ಗುಡಿಯಲ್ಲಿದ್ದ ಪುರಾಣದ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಕಾಲುವೆ ಬಂದ ಮೇಲೆ ಗೋಡೆಗಳೆಲ್ಲ ತಂಪು ಹಿಡಿದಿದ್ದವು. ಬೇರೆ ಪುಸ್ತಕ ತರುವಷ್ಟು ದಿನ ಇರಲಿಲ್ಲ. ಮಾಸ್ತರರು ತಮ್ಮ ಟ್ರಂಕಿನಿಂದ ಒಂದು ಕಾದಂಬರಿ ತೆಗೆದರು. "ಇದು ದೊಡ್ಡವರು ಬರೆದದ್ದು. ಇದರಾಗ ದೇವರು ಇಲ್ಲ, ಒಬ್ಬ ಸಾಲಿ ಮಾಸ್ತರ ಅದಾನ. ನಡೀತೈತೇನು?" ಎಂದು ಕೇಳಿದರು. ಜನ ಮುಖ ಮುಖ ನೋಡಿಕೊಂಡರು. ಮಾರೆಮ್ಮನೇ, "ಮಾಸ್ತರಗ ಕಷ್ಟ ಬರ್ತಾವಿಲ್ಲೋ?" ಎಂದಳು. ಬರುತ್ತವೆ ಎಂದರು. "ಮತ್ತ ಅದೂ ಪುರಾಣನ ಆತಲ್ಲೋ ತಮ್ಮಾ. ಓದು" ಎಂದಳು.

ಅದಕ್ಕೆ ಊರವರು ಇಟ್ಟ ಹೆಸರು ಮಾಸ್ತರ ಪುರಾಣ. ಹಳ್ಳದ ಆಚೆಯ ಒಂದು ಊರಿಗೆ ಮಾಸ್ತರ ಬರುತ್ತಾನೆ. ಯಾರೂ ಮಕ್ಕಳನ್ನು ಕಳಿಸುವುದಿಲ್ಲ. ಕುರಿ ಕಾಯುವವರ ಮಗಳು ಚೆನ್ನಿ ಮಾತ್ರ ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಾಳೆ. ಮಾಸ್ತರ ಅವಳನ್ನು ಒಳಗೆ ಕರೆದು ಕೂಡಿಸಿಕೊಂಡು ಓದಿಸುತ್ತಾನೆ, ಮುಂದೆ ಪಟ್ಟಣಕ್ಕೂ ಕಳಿಸುತ್ತಾನೆ. ಊರವರು ಅವನಿಗೆ ಬೆಂಕಿ, ನೀರು ಬಂದ್ ಮಾಡುತ್ತಾರೆ. ವರ್ಷಗಟ್ಟಲೆ ಅವನು ಒಬ್ಬನೇ ಶಾಲೆ ನಡೆಸಿಕೊಂಡು ಚೆನ್ನಿಯ ದಾರಿ ಕಾಯುತ್ತಾನೆ. ಚೆನ್ನಿ ತಾನೇ ಮಾಸ್ತರಾಗಿ ಅದೇ ಊರಿಗೆ ಬರುವ ದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಅವಳು ಹಳ್ಳ ದಾಟಿ ಬಂದು, ಮಾಸ್ತರನ ಕೈಯಿಂದ ಸೀಮೆಸುಣ್ಣ ಇಸಿದುಕೊಳ್ಳುತ್ತಾಳೆ. ಅಲ್ಲಿಗೆ ಮಂಗಳ.

ಆ ಶ್ರಾವಣದಲ್ಲಿ ನನ್ನ ಹೆಂಡತಿ ಗ್ಯಾನಮ್ಮನಿಗೆ ಒಂಬತ್ತು ತಿಂಗಳು. ದಿನಾ ಮುಂದಿನ ಸಾಲಿನಲ್ಲಿ ಗೋಡೆಗೆ ಆತು ಕೂತು ಕೇಳಿದಳು. ಮಂಗಳದ ದಿನ ಮಾಸ್ತರರು ಅವಳ ಉಡಿಯಲ್ಲಿ ತೆಂಗಿನಕಾಯಿ ಹಾಕಿ, "ಹೆಣ್ಣಾದ್ರ ಸಾಲಿಗೆ ಕಳಿಸವ್ವ" ಎಂದರು. ಹೆಣ್ಣೇ ಆಯಿತು. ಅಮರಮ್ಮ ಎಂದು ಹೆಸರಿಟ್ಟೆವು. ಕರೆಯುವುದು ಅಮರಿ.

ಅಮರಿ ಏಳನೆಯ ಇಯತ್ತೆ ಪಾಸಾದಳು. ನಮ್ಮ ಶಾಲೆಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಮುಂದೆ ಓದಬೇಕೆಂದರೆ ಊರು ಬಿಡಬೇಕು. ಮಾಸ್ತರರ ಅಕ್ಕ ಕಸ್ತೂರೆಮ್ಮ ಲಿಂಗಸುಗೂರಿನಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. "ನನ್ನ ಕಣ್ಣಮುಂದ ಇರ್ತಾಳ, ಕಳಿಸ್ರಿ" ಎಂದು ಹೇಳಿ ಕಳಿಸಿ, ಅರ್ಜಿಯ ಫಾರಂ ಕೂಡ ಕೊಟ್ಟಿದ್ದಳು. ಫಾರಂ ತುಂಬಿ ಜೂನ್ ತಿಂಗಳ ಮೂರನೆಯ ಶನಿವಾರದೊಳಗೆ ಮುಟ್ಟಿಸಬೇಕು. ಬೆಳಗಿನ ಬಸ್ಸಿಗೆ ಸಿಂಧನೂರು, ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರು. ಎರಡು ಬಸ್ಸಿನ ದಾರಿ. ಅಮರಿ ಆ ಫಾರಮ್ಮನ್ನು ನಾಲ್ಕು ಸಲ ಓದಿ, ಪೆನ್ಸಿಲಿನಿಂದ ತನ್ನ ಹೆಸರು ಬರೆದು, ಚೆನ್ನಾಗಿಲ್ಲವೆಂದು ಒರೆಸಿ, ಮತ್ತೆ ಬರೆದಿದ್ದಳು. ನನ್ನ ಸಹಿಯ ಜಾಗ ಖಾಲಿ ಇತ್ತು.

ಖಾಲಿ ಇದ್ದದ್ದು ಗ್ಯಾನಮ್ಮನ ತಮ್ಮ ವೆಂಕೋಬನಿಂದ. ಮುಕ್ಕುಂದದವನು, ಕ್ಯಾಂಪಿನವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ಕೆಟ್ಟವನಲ್ಲ, ನಗುವ ಹುಡುಗ. ಬಂದಾಗೆಲ್ಲ ಅಂಗಳದಲ್ಲಿ ಕೂತು ಅದೇ ಮಾತು ತೆಗೆಯುತ್ತಿದ್ದ.

"ಏ ಮಾವಾ, ನಿನ ಮಗಳು ಲಿಂಗಸುಗೂರಿಗೆ ಹೋಗಿ ಕಲೆಕ್ಟರ್ ಆಗ್ತಾಳೇನು? ಕಲೆಕ್ಟರಿಗೆ ಜೀಪ್ ಅಷ್ಟ ಇರತೈತಿ. ನಾ ಟ್ರ್ಯಾಕ್ಟರ್ ಮ್ಯಾಲ ಕುಂದ್ರಸ್ತೀನಿ, ಟ್ರ್ಯಾಕ್ಟರ್ ಮ್ಯಾಲ!"

"ಟ್ರ್ಯಾಕ್ಟರ್ ನಿಂದಲ್ಲ, ಕ್ಯಾಂಪಿನ ರಾವುಗಾರುದು" ಎಂದಳು ಅಮರಿ ಒಳಗಿನಿಂದ.

"ನೋಡಕ್ಕಾ, ಏಳನೇತ್ತೆಗೇ ನಾಲಿಗಿ ಇಷ್ಟ ಉದ್ದ ಐತಿ. ಇನ್ನ ಹತ್ತಾದ್ರ ನಮ್ಮನ್ನ ಹೊಸಲಿ ಒಳಗ ಬಿಟ್ಗೊಂಡಾಳೇನು?"

ಗ್ಯಾನಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಅವಳಿಗೂ ಕಳಿಸುವ ಮನಸ್ಸು ಅರ್ಧ ಇತ್ತು. ಉಳಿದ ಅರ್ಧ ಭಯ.

ಅದರ ಹಿಂದಿನ ವರ್ಷ ನಮ್ಮ ಶಾಲೆಗೆ ಟೀವಿ ಬಂದಿತ್ತು. ಸುತ್ತಲ ಊರುಗಳಲ್ಲಿ ಎಲ್ಲಕ್ಕೂ ಸಿಕ್ಕಿರಲಿಲ್ಲ. ನಮಗೆ ಗೊತ್ತಿದ್ದಂತೆ ನಮ್ಮೂರು ಬಿಟ್ಟರೆ ಆ ದಿಕ್ಕಿನಲ್ಲಿ ಗೊರೇಬಾಳಕ್ಕೆ ಬಂದಿತ್ತು. ಜೀಪಿನವರು ಬಂದು ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಎರಡು ಆಳುದ್ದದ ಛತ್ರಿಯನ್ನು ಅಂಗಾತ ಕೂಡಿಸಿದರು. ಆಕಾಶದಲ್ಲಿ ಒಂದು ಯಂತ್ರ ಇದೆ, ಅದರ ಕಡೆಗೇ ಇದು ಮುಖ ಮಾಡಿರಬೇಕು, ಒಂದು ಬೆರಳು ಆಚೀಚೆಯಾದರೂ ಚಿತ್ರ ಬರುವುದಿಲ್ಲ ಎಂದು ಹೇಳಿ, ಬಿಗಿ ಮಾಡುವ ಬೋಲ್ಟುಗಳನ್ನು ನನಗೇ ತೋರಿಸಿದರು. ಮಳೆ ಗಾಳಿ ಆದ ಮೇಲೆ ಮಾಳಿಗೆ ಹತ್ತಿ ನೋಡುವುದು ಜವಾನನ ಕೆಲಸ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಸ್ತರರು ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದರು. ಊರು ಅಂಗಳ ತುಂಬುತ್ತಿತ್ತು. ಗೊಬ್ಬರ ಹಾಕುವುದನ್ನು, ಕೋಳಿ ಸಾಕುವುದನ್ನು ತೋರಿಸುತ್ತಿದ್ದರು. ಜನ ಅದನ್ನೂ ಚಪ್ಪಲಿ ಬಿಟ್ಟು ಕೂತು ನೋಡುತ್ತಿದ್ದರು. ಮಾರೆಮ್ಮ ದಿನಾ ಪೆಟ್ಟಿಗೆಗೆ ಕೈ ಮುಗಿಯುತ್ತಿದ್ದಳು.

ಜೂನ್ ಎರಡನೆಯ ವಾರ ಜೀಪಿನವರು ಬಂದು ಮಾಸ್ತರರಿಗೆ ಒಂದು ಕಾಗದ ಕೊಟ್ಟರು. ಬರುವ ಬುಧವಾರ, ಗುರುವಾರ, ಶುಕ್ರವಾರ ಮೂರು ಸಂಜೆ ಒಂದು ಸಿನಿಮಾ. ಟೀವಿಗೆಂದೇ ತೆಗೆದದ್ದು. ಒಬ್ಬ ಶಾಲಾ ಮಾಸ್ತರನ ಕಥೆ, ಹೆಸರಾದ ಕಾದಂಬರಿಯಿಂದ ಮಾಡಿದ್ದು. ಮಾಸ್ತರರು ಕಾಗದ ಓದಿ ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಜೀಪಿನವರೇ ಊರವರಿಗೆ ಕಥೆಯ ನಾಲ್ಕು ಮಾತು ಹೇಳಿದರು. ಹಳ್ಳ, ಮಾಸ್ತರ, ಚೆನ್ನಿ ಎನ್ನುವಷ್ಟರಲ್ಲಿ ಮಾರೆಮ್ಮ, "ಅಯ್ಯ, ನಮ್ಮ ಪುರಾಣ!" ಎಂದು ಎದ್ದು ನಿಂತಳು. ಸಂಜೆಯೊಳಗೆ ಊರೆಲ್ಲ ಗೊತ್ತಾಯಿತು.

ಅಂದು ಗ್ಯಾನಮ್ಮ ರೊಟ್ಟಿ ಬಡಿಯುತ್ತ ತಾನಾಗಿಯೇ ಮಾತು ತೆಗೆದಳು.

"ಅಮರಿ ಅಪ್ಪಾ, ನಾಳೆ ಮಲ್ಲಯ್ಯನ ಗುಡಿಗೆ ಹೋಗಿ ಹೂವಿನ ಅಪ್ಪಣಿ ಕೇಳಬೇಕಂತ ಮಾಡಿದ್ದೆ. ಬ್ಯಾಡ ಬಿಡು. ಆ ಕತಿ ಬರಾಕತ್ತೈತಲ್ಲ. ಅದು ನನ್ನ ಹೊಟ್ಟ್ಯಾಗ ಈಕಿ ಇದ್ದಾಗ ಕೇಳಿದ ಕತಿ. ಅವಾಗ ಕಿವೀಲೆ ಕೇಳಿದ್ದೆ, ಈಗ ಕಣ್ಣೀಲೆ ನೋಡ್ತೀನಿ. ಚೆನ್ನಿ ಹಳ್ಳ ದಾಟಿ ಬಂದ್ಲಂದ್ರ ನಮ್ಮ ಅಮರಿನೂ ಹೋಗಲಿ. ನಾ ತಡೆಯಂಗಿಲ್ಲ, ನನ್ನ ತಮ್ಮಗ ನಾನ ಹೇಳ್ತೀನಿ."

"ದಾಟದಿದ್ರ?" ಎಂದಳು ಅಮರಿ ನಗುತ್ತ. ಅವಳಿಗೂ ಕಥೆ ಬಾಯಿಪಾಠ.

"ದಾಟದಿದ್ರ ನಿನ್ನ ಮಾವನ ಟ್ರ್ಯಾಕ್ಟರ್ ಐತಿ."

ನನಗೆ ಅಷ್ಟು ಸಾಕಾಗಿತ್ತು. ಮಲ್ಲಯ್ಯನ ಅರಿಶಿನದ ಭಂಡಾರ ಮುಟ್ಟಿ, ಆಣೆ ಮಾಡಿ ಒಪ್ಪಿಕೊಂಡೆ. ಚೆನ್ನಿ ದಾಟುವುದು ನನಗೆ ಗೊತ್ತಿತ್ತಲ್ಲ. ಬೆಳಗಾಗುತ್ತಲೇ ಶಾಲೆಗೆ ಓಡಿ ಮಾಸ್ತರರಿಗೆ ಹೇಳಿದೆ.

"ಕೆಲಸ ಆತ್ರಿ ಮಾಸ್ತರ್ರ! ಟೀವಿಯಾಗ ಚೆನ್ನಿ ದಾಟಿದ್ರ ಅಮರೀನ ಕಳಿಸ್ತಾಳಂತ. ಶನಿವಾರ ನಾನ ಕರಕೊಂಡು ಹೊಂಟೆ."

ಮಾಸ್ತರರು ಹಾಜರಿ ಪುಸ್ತಕ ಬರೆಯುತ್ತಿದ್ದವರು ಕೈ ತಡೆದರು. ಟ್ರಂಕು ತೆಗೆದು ಕೆಂಪು ಅರಿವೆಯಲ್ಲಿ ಸುತ್ತಿದ್ದ ಪುಸ್ತಕವನ್ನು ಹೊರಗಿಟ್ಟರು. ಕೊನೆಯ ಹಾಳೆ ತೆರೆದು ನನ್ನ ಮುಂದೆ ತಳ್ಳಿದರು. ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಎರಡು ಸಾಲು ಓದುವಷ್ಟರಲ್ಲಿ ಅವರೇ ಹೇಳಿದರು.

"ಪುಸ್ತಕದಾಗ ಹಂಗಿಲ್ಲೋ ದ್ಯಾವಪ್ಪ. ಪುಸ್ತಕದಾಗ ಆಕಿ ಹಳ್ಳದಾಗ ಹೋಗ್ತಾಳ. ಮೂರು ದಿನಕ್ಕ ಹೆಣ ಸಿಗತೈತಿ. ಮಾಸ್ತರ ಸಾಲಿಗೆ ಕೀಲಿ ಹಾಕಿ, ಕೀಲಿಕೈ ಗೌಡನ ಕಟ್ಟಿ ಮ್ಯಾಲ ಇಟ್ಟು ಊರು ಬಿಟ್ಟು ಹೋಗ್ತಾನ. ಯಾರೂ ಕಳಸಾಕ ಬರಂಗಿಲ್ಲ."

"ಮತ್ತ ನೀವು ಓದಿದ್ದು?"

"ಆರತಿ ತಾಟು ಹಚ್ಚಿ ಇಟ್ಟಿದ್ರು. ಹೋಳಿಗಿ ವಾಸನಿ ಬರಾಕತ್ತಿತ್ತು. ಮುಂದ ನಿನ್ನ ಹೇಣ್ತಿ ತುಂಬು ಬಸರಿ ಕುಂತಿದ್ಲು. ಹೆಂಗ ಓದ್ಲಿ ಹೇಳು? ಹಾಳಿ ನಡುವ ಹೆಬ್ಬಟ್ಟು ಇಟ್ಟು ಪುಸ್ತಕ ಮಡಚಿದೆ. ಉಳಿದದ್ದು ಬಾಯಿಗೆ ಬಂದದ್ದು ಹೇಳಿದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಟೀವಿ ಕೆಟ್ಟಿದೆ ಎಂದು ಮೂರೂ ದಿನ ಬೀಗ ಹಾಕೋಣ ಎಂದೆ. ಆಗದು ಎಂದರು. ಮೊದಲ ಎರಡು ದಿನ ಜೀಪಿನವರು ಬಂದು ಕೂತು, ಜನ ಹೇಗೆ ನೋಡುತ್ತಾರೆಂದು ಬರೆದುಕೊಳ್ಳುವವರಿದ್ದರು. ಮೂರನೆಯ ದಿನ ಅವರು ಇರುವುದಿಲ್ಲ. ಅಂದೇ ಏನಾದರೂ ಮಾಡಬೇಕು. ಕಡೆಗೆ ಗೊತ್ತು ಮಾಡಿದ್ದು ಇಷ್ಟು. ಚೆನ್ನಿ ಹಳ್ಳದ ದಂಡೆಗೆ ಬರುತ್ತಲೇ ನಾನು ಮಾಳಿಗೆಯ ಮೇಲೆ ಬೋಲ್ಟು ಸಡಿಲಿಸಿ ಛತ್ರಿ ವಾಲಿಸಬೇಕು. ಚಿತ್ರ ಹೋಗುತ್ತಲೇ ಮಾಸ್ತರರು ಎದ್ದು ಹಿಂದಿನಂತೆಯೇ ಕಥೆ ಮುಗಿಸಿ ಮಂಗಳ ಹೇಳಬೇಕು. ಬಾಯಿಂದಲಾದರೂ ಮಂಗಳವಾದರೆ ಕಟ್ಟಳೆ ಮುರಿದ ಹಾಗಾಗುವುದಿಲ್ಲ ಎಂದುಕೊಂಡೆವು.

ಬುಧವಾರ, ಗುರುವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಂಪಿನವರೂ ಬಂದಿದ್ದರು. ಪೆಟ್ಟಿಗೆಗೆ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿದ್ದರು. ಸಿನಿಮಾದ ಮಾಸ್ತರ ನಮ್ಮ ಮಾಸ್ತರರಿಗಿಂತ ದಪ್ಪ ಇದ್ದಾನೆಂದು ಜನಕ್ಕೆ ಸ್ವಲ್ಪ ಬೇಸರವಾಯಿತು. ಚೆನ್ನಿ ಕಿಟಕಿಯ ಹೊರಗೆ ನಿಂತದ್ದನ್ನು ಕಂಡು ಮಾತ್ರ ಅಂಗಳವೇ ನಿಟ್ಟುಸಿರು ಬಿಟ್ಟಿತು. ಗುರುವಾರ ಚೆನ್ನಿ ಬಸ್ಸು ಹತ್ತಿ ಪಟ್ಟಣಕ್ಕೆ ಹೊರಟಾಗ ಗ್ಯಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಮರಿಯ ತಲೆಯ ಮೇಲೆ ಕೈ ಇಟ್ಟಳು. ನಾನು ಅದನ್ನು ಬಾಗಿಲ ಬಳಿ ನಿಂತು ನೋಡಿದೆ. ಅಂದು ಮನೆಗೆ ಬಂದು ಅವಳು ಅಮರಿಗೆ ಒಯ್ದು ಹೊದೆಯಲೆಂದು ಒಂದು ಕೌದಿ ಬಿಸಿಲಿಗೆ ಹಾಕಲು ತೆಗೆದಿಟ್ಟಳು. ವೆಂಕೋಬ ಸಪ್ಪಗಾಗಿದ್ದ. "ಅಕ್ಕಾ, ನೀ ಕೌದಿ ಮಡಚಿದ್ದು ನೋಡಿದ್ರ ನನಗ ಬ್ಯಾರೆ ಹುಡುಗಿ ನೋಡಬೇಕೇನೋ" ಎಂದ. "ನೋಡಪಾ, ಇನ್ನೊಂದು ದಿನ" ಎಂದಳು.

ಶುಕ್ರವಾರ ಪೆಟ್ಟಿಗೆ ತೆಗೆಯುವ ಮೊದಲೇ ನಾನು ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಕೂತೆ. ಗಾಳಿ ಹೆಚ್ಚಿದೆ, ಛತ್ರಿ ಕಾಯುತ್ತೇನೆ ಎಂದು ಹೇಳಿದ್ದೆ. ಬೋಲ್ಟು ತಿರುವುವ ಪಾನಾ ಮಡಿಲಲ್ಲಿತ್ತು. ಅಲ್ಲಿಂದ ಚಿತ್ರ ಕಾಣುವುದಿಲ್ಲ. ಕೆಳಗೆ ಕೂತವರ ಮುಖದ ಮೇಲೆ ಬಿಳಿ ಬೆಳಕು ಮಾತ್ರ ಆಡುತ್ತಿತ್ತು, ಮಾತು ಕೇಳುತ್ತಿತ್ತು. ಮೊದಲ ಸಾಲಿನಲ್ಲಿ ಗ್ಯಾನಮ್ಮ, ಅವಳ ತೊಡೆಗೆ ಹತ್ತಿ ಅಮರಿ. ಪೆಟ್ಟಿಗೆಯ ಪಕ್ಕದಲ್ಲಿ ಮಾಸ್ತರರು, ಕೈಯಲ್ಲಿ ಕೆಂಪು ಅರಿವೆಯ ಪುಸ್ತಕ. ಅದನ್ನು ಯಾಕೆ ತಂದಿದ್ದರೋ. ಓದಿದಂತೆಯೇ ಕಾಣಲಿ ಎಂದಿರಬೇಕು.

ಮಳೆಯ ಸದ್ದು ಬಂತು. ಆಮೇಲೆ ನೀರಿನ ಸದ್ದು. ಒಬ್ಬ ಗಂಡಸು, "ಬ್ಯಾಡ ತಾಯಿ, ಹಳ್ಳ ಏರೈತಿ" ಎಂದ. ಹುಡುಗಿ, "ಮಾಸ್ತರು ಕಾಯ್ತಿರ್ತಾರೆ" ಎಂದಳು. ಮಾಸ್ತರರು ಬಾಗಿಲಿಗೆ ಬಂದು, ಗೊತ್ತು ಮಾಡಿಕೊಂಡ ಹಾಗೆ ಕೆಮ್ಮಿದರು. ನಾನು ಪಾನಾ ಹಾಕಿ ತಿರುವಿದೆ. ಬೋಲ್ಟು ಜಂಗು ಹಿಡಿದಿತ್ತು, ತಿರುಗಲಿಲ್ಲ. ಮತ್ತೆ ಮೈ ಭಾರ ಹಾಕಿದೆ. ಅಷ್ಟರಲ್ಲಿ ಕೆಳಗೆ ಹೆಂಗಸರು, "ಅಯ್ಯಯ್ಯ, ಇಳಿದ್ಲು" ಎಂದರು. "ಟೊಂಕದ ಮಟ ಬಂತಲ್ಲೇ" ಎಂದಳು ಮಾರೆಮ್ಮ. ಬೋಲ್ಟು ಒಮ್ಮೆಲೇ ಬಿಟ್ಟಿತು. ಛತ್ರಿ ಕಿರ್ರೆಂದು ಒಂದು ಮಗ್ಗುಲಿಗೆ ಹೊರಳಿತು. ಕೆಳಗಿನ ಮುಖಗಳ ಮೇಲಿನ ಬೆಳಕು ಚಿಟಿಚಿಟಿ ಎಂದು ಒಡೆದು, ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬರತೊಡಗಿತು.

ನಾವು ಎಣಿಸಿದ್ದು ಅವಳು ದಂಡೆಯ ಮೇಲಿದ್ದಾಗ ನಿಲ್ಲಿಸಬೇಕೆಂದು. ನಿಂತದ್ದು ಅವಳು ನೀರಿನ ನಡುವೆ ಇದ್ದಾಗ.

"ನೀರಾಗ ನಿಲ್ಲಿಸಿಬಿಟ್ರಲ್ಲೋ!" ಎಂದು ಮಾರೆಮ್ಮ ಎದೆ ಬಡಿದುಕೊಂಡಳು. "ನಡು ಹಳ್ಳದಾಗ ಬಿಟ್ರಲ್ಲೋ ಹೆಣ್ಣು ಕೂಸಿನ್ನ!" ಅಂಗಳವೆಲ್ಲ ಎದ್ದು ನಿಂತಿತು. ದ್ಯಾವಪ್ಪಾ, ಛತ್ರಿ ನೋಡಲೇ, ಎಂದು ಹತ್ತು ಜನ ಕೂಗಿದರು. ನಾನು ಕೈ ಆಡಿಸಿದ ಹಾಗೆ ಮಾಡಿದೆ. ಮಾಸ್ತರರು ಬೆಂಚಿನ ಮೇಲೆ ನಿಂತು ಎರಡೂ ಕೈ ಎತ್ತಿದರು.

"ಕುಂದ್ರಿ, ಎಲ್ಲಾರೂ ಕುಂದ್ರಿ. ಗಾಳಿಗೆ ಹಂಗಾಗೈತಿ. ಮುಂದಿಂದು ನಾ ಹೇಳ್ತೀನಿ. ನಿಮಗೂ ಗೊತ್ತದ. ಚೆನ್ನಿ ಹಳ್ಳ ದಾಟಿ ಬಂದ್ಲು. ಮಾಸ್ತರ ಸಾಲಿ ಬಾಗಲದಾಗ ನಿಂತಿದ್ದ..."

ಅವರ ಧ್ವನಿಗೆ ಜನ ಒಬ್ಬೊಬ್ಬರಾಗಿ ಕೂತರು. ಹದಿಮೂರು ವರ್ಷದ ಹಿಂದಿನ ಅದೇ ಮಾತುಗಳು. ಮಾರೆಮ್ಮ ಕೂಡ ತಲೆದೂಗತೊಡಗಿದಳು. ಯಾರೋ ಕರ್ಪೂರ ಹುಡುಕಿದರು. ಇನ್ನು ನಾಲ್ಕು ಮಾತಿಗೆ ಮಂಗಳ ಎನ್ನುವಾಗ ಗ್ಯಾನಮ್ಮ ಎದ್ದಳು. ಅಷ್ಟು ಜನರ ನಡುವೆ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಮಾಸ್ತರ್ರ, ನಿಮ್ಮ ಕೈಯಾಗ ಪುಸ್ತಕ ಐತಿ. ಅದರ ಮ್ಯಾಲ ಕೈ ಇಟ್ಟು ಹೇಳ್ರಿ. ಆಕಿ ದಾಟಿದ್ಲು ಅಂತ ಒಂದ ಮಾತು ಹೇಳ್ರಿ. ನಾ ನಾಳೆ ನನ್ನ ಮಗಳನ್ನ ಕಳಿಸ್ತೀನಿ."

ಮಾಸ್ತರರು ಪುಸ್ತಕವನ್ನು ನೋಡಿದರು. ಬಲಗೈ ಎತ್ತಿದರು. ನಾನು ಮಾಳಿಗೆಯ ಅಂಚಿಗೆ ಬಂದು ಮೊಣಕಾಲೂರಿ ನೋಡುತ್ತಿದ್ದೆ. ಇಡ್ರಿ, ಇಡ್ರಿ ಮಾಸ್ತರ್ರ, ಎಂದು ನನ್ನ ಬಾಯಿ ತಾನೇ ಅನ್ನುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ಅವರ ಕೈ ಕೆಂಪು ಅರಿವೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಹಾಗೇ ಎಷ್ಟು ಹೊತ್ತು ನಿಂತಿತೋ. ಆಮೇಲೆ ಅವರು ಕೈ ಇಳಿಸಿ ಬೆಂಚಿನಿಂದ ಕೆಳಗಿಳಿದರು.

ಗ್ಯಾನಮ್ಮ ಸಿಟ್ಟಾಗಲಿಲ್ಲ. ಅಮರಿಯ ಕೈ ಹಿಡಿದು ಎಬ್ಬಿಸಿದಳು. "ನಡಿಯವ್ವ" ಎಂದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದಳು.

ಆ ರಾತ್ರಿಯೇ ಹೇಳಿಬಿಡಬೇಕೆಂದು ನೂರು ಸಲ ಬಾಯಿ ತೆರೆದೆ. ದೇವರು ನಿಲ್ಲಿಸಲಿಲ್ಲ, ನಿಲ್ಲಿಸಿದವ ನಾನು ಎಂದು ಹೇಳಬಹುದಿತ್ತು. ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಹೇಳಬೇಕಾದರೆ ಚೆನ್ನಿ ಮುಳುಗುತ್ತಾಳೆಂದು ಹೇಳಬೇಕು. ಎರಡೂ ಕಡೆ ನೀರೇ. ಬಾಯಿ ಮುಚ್ಚಿಕೊಂಡೆ. ಭಂಡಾರ ಮುಟ್ಟಿ ಕೊಟ್ಟ ಮಾತೂ ಇತ್ತು. ಶನಿವಾರದ ಬೆಳಗಿನ ಬಸ್ಸು ಕಾಲುವೆ ಸೇತುವೆಯ ಮೇಲೆ ಹಾರ್ನು ಹೊಡೆದು ಹೋಯಿತು. ಅಮರಿ ನೀರು ತರಲು ಹೋದವಳು ಕೊಡ ತುಂಬಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಬಂದು ಫಾರಮ್ಮನ್ನು ಮಡಚಿ ಗೋಡೆಯ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಕೆಳಗೆ ಇಟ್ಟಳು.

ಸೋಮವಾರ ಜೀಪಿನವರು ಬಂದು, ಗಾಳಿಗೆ ಬೋಲ್ಟು ಸಡಿಲಾಗಿದೆ ಎಂದು ಬಿಗಿ ಮಾಡಿದರು. ನನಗೆ, "ಚೆನ್ನಾಗಿ ನೋಡಿಕೊಳ್ಳಪ್ಪ" ಎಂದು ಹೇಳಿ ಹೋದರು. ಆ ಸಿನಿಮಾ ಮತ್ತೆ ಹಾಕುತ್ತಾರೇನು ಎಂದು ಕೇಳಿದೆ. ಇಲ್ಲ ಎಂದರು.

ಆಷಾಢ ಬೀಳಲು ಕೆಲವೇ ದಿನ ಉಳಿದಿದ್ದವು. ಗ್ಯಾನಮ್ಮ ಅದರೊಳಗೇ ಆಗಬೇಕೆಂದಳು. ನಡು ಹಳ್ಳದಲ್ಲಿ ಬಿಟ್ಟ ಕಥೆ ಮನೆಯ ಮುಂದೆ ಸುಳಿಯುತ್ತಿದೆ, ಹೆಣ್ಣನ್ನು ಬೇಗ ಒಂದು ದಂಡೆ ಹತ್ತಿಸಬೇಕು ಎನ್ನುತ್ತಿದ್ದಳು. ಅವಳು ಮಗಳನ್ನು ಉಳಿಸಿಕೊಳ್ಳುತ್ತಿದ್ದೇನೆಂದೇ ತಿಳಿದಿದ್ದಳು. ಲಗ್ನ ಮಲ್ಲಯ್ಯನ ಗುಡಿಯಲ್ಲಾಯಿತು. ಅಮರಿಗೆ ಹದಿಮೂರು. ವೆಂಕೋಬ ಅಂದು ಒಂದೂ ಚೇಷ್ಟೆ ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ಬಾಸಿಂಗ ಕಟ್ಟಿಸಿಕೊಂಡ. ಮಾಸ್ತರರು ಬಂದು ಅಕ್ಕಿಕಾಳು ಹಾಕಿ, ಊಟ ಮಾಡದೆ ಹೋದರು. ಬಿಸಿಲಿಗೆ ಹಾಕಿದ್ದ ಕೌದಿ ಲಿಂಗಸುಗೂರಿನ ಬದಲು ಮುಕ್ಕುಂದಕ್ಕೆ ಹೋಯಿತು.

ಪಂಚಮಿಗೆ ಅಮರಿಯನ್ನು ತವರಿಗೆ ಕರೆತಂದೆ. ಹೊಸ ಮದುಮಗಳಿಗೆ ಬಳೆ ಇಡಿಸಬೇಕೆಂದು ಬಳೆಗಾರ ಮೌಲಾಸಾಬನಿಗೆ ಹೇಳಲು ಹೋದೆ. ಅವನು ಕಾಲುವೆಯ ಏರಿಯ ಮೇಲೆ ಬಳೆಯ ಮಲಾರ ಹೊತ್ತು ಎದುರಿಗೇ ಬಂದ. ಇಬ್ಬರೂ ಕೂಡಿ ನಡೆದೆವು. ಗೊರೇಬಾಳದಲ್ಲಿ ಮಗಳ ಮನೆಯಲ್ಲಿ 'ಅದೇನು, ಟೀವಿ' ನೋಡಿದ್ದನ್ನು ಹೇಳತೊಡಗಿದ.

"ನಿಮ್ಮೂರಾಗೂ ಐತೆಲ್ಲ ದ್ಯಾವಪ್ಪಣ್ಣ? ಆ ಮಾಸ್ತರಂದು ಏನ್ ಖೇಲ್ ಮಾಡ್ಯಾರ ಅಂತೀ! ಹುಡುಗಿ ಹಳ್ಳದಾಗ ಸಿಕ್ಕಾಗ ನಮ್ಮ ಮಗಳು ಮುನ್ನಿಬೀ ಕಣ್ಣ ಮುಚಗೊಂಡ್ಲು. ಯಾ ಅಲ್ಲಾ, ಹೋದ್ಲು ಅಂತ ಮಾಡಿದ್ವಿ. ಊರ ಮಂದಿ ಎಲ್ಲಾ ಓಡಿ ಬಂದು ಹಗ್ಗ ಒಗದ್ರು ನೋಡು! ಯಾರು ಮಾಸ್ತರಗ ನೀರು ಬಂದ್ ಮಾಡಿದ್ರಲ್ಲ, ಅವರ. ಎಳಕೊಂಡ್ರು. ಆಕಿ ತೊಯ್ದ ಸೀರ್‍ಯಾಗ ಹೋಗಿ ಸಾಲಿ ಗಂಟಿ ಬಾರಸ್ತಾಳ. ಖತಂ. ಅಲ್ಲಿಗೆ ಮುಗೀತು."

ನಾನು ಅಲ್ಲೇ ನಿಂತೆ. ಮತ್ತೊಮ್ಮೆ ಹೇಳಿಸಿದೆ. ಹಗ್ಗ ಒಗೆದರು, ಎಳೆದುಕೊಂಡರು, ಗಂಟೆ ಬಾರಿಸಿದಳು. ಮೂರನೆಯ ಸಲ ಕೇಳಿದಾಗ ಮೌಲಾಸಾಬ್ ನನ್ನ ಮುಖ ನೋಡಿ ಮಲಾರ ಕೆಳಗಿಳಿಸಿದ.

"ನಮ್ಮ ಮನಿಯಾಗ ಇದನ್ನ ಹೇಳಬ್ಯಾಡ ಮೌಲಾಸಾಬ್. ನಿನ್ನ ಕಾಲು ಬೀಳ್ತೀನಿ."

ಅವನು ತಲೆಯಾಡಿಸಿ ಮಲಾರ ಎತ್ತಿಕೊಂಡ. ಮನೆಗೆ ಬಂದು ಅಮರಿಯ ಕೈ ಹಿಡಿದು ಹಸಿರು ಬಳೆ ಏರಿಸುತ್ತ ಮಳೆಯ ಮಾತಾಡಿದ, ಮುಕ್ಕುಂದದ ಹೊಳೆಯ ಮಾತಾಡಿದ. "ಕೈ ಸಡಲ ಬಿಡವ್ವ, ಒಡೀತಾವ" ಎಂದ. ಗ್ಯಾನಮ್ಮ ಅವನಿಗೆ ಉಂಡಿ ಕೊಟ್ಟಳು. ನಾನು ಹಿತ್ತಲಿಗೆ ಹೋಗಿ ಕೂತೆ.

ಆ ತಿಂಗಳ ಕೊನೆಗೇ ಟೀವಿಯ ಕಾಲ ಮುಗಿಯಿತು. ಆಕಾಶದ ಯಂತ್ರವನ್ನು ಬೇರೆ ಕಡೆ ತಿರುಗಿಸಿದರಂತೆ. ಪೆಟ್ಟಿಗೆ ಶಾಲೆಯ ಮೂಲೆಯಲ್ಲಿ ಉಳಿಯಿತು, ಛತ್ರಿಯ ಮೇಲೆ ಕಾಗೆ ಕೂಡತೊಡಗಿದವು. ಮಾಸ್ತರರು ಬದಲಿ ಕೇಳಿಕೊಂಡು ಮಸ್ಕಿಗೆ ಹೋದರು. ಅವರ ಟ್ರಂಕು ಹೊತ್ತುಕೊಂಡು ಮಸ್ಕಿಯ ಬಸ್ ಸ್ಟ್ಯಾಂಡಿನವರೆಗೆ ನಾನೇ ಹೋದೆ. ಅಲ್ಲಿ, ಗುಡ್ಡದ ಕಡೆ ಮುಖ ಮಾಡಿ ಚಹಾ ಕುಡಿಯುವಾಗ, ಮೌಲಾಸಾಬ್ ಹೇಳಿದ್ದನ್ನು ಹೇಳಿದೆ. ಹೇಳದೆ ಇರಬೇಕಿತ್ತು.

ಅವರು ಚಹಾದ ಬಸಿಯನ್ನು ಬೆಂಚಿನ ಮೇಲೆ ಇಟ್ಟರು.

"ಅವ್ರೂ ನನ್ನಂಗ ಮಾಡ್ಯಾರ" ಎಂದರು. ಆಮೇಲೆ, "ಕೈ ಇಡಬೇಕಿತ್ತೋ ದ್ಯಾವಪ್ಪ" ಎಂದರು. ಊರಿನ ಕಡೆಯ ಬಸ್ಸು ಬಂತು, ನಾನು ಹತ್ತಿದೆ. ಅವರನ್ನು ಮತ್ತೆ ಕಾಣಲಿಲ್ಲ.

ಗ್ಯಾನಮ್ಮನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಅಮರಿ ಒಮ್ಮೆ ಕೇಳಿದಳು. ಆ ವರ್ಷದ ನಾಟಿಯ ದಿನಗಳಲ್ಲೇ, ಮುಕ್ಕುಂದಕ್ಕೆ ಅವಳನ್ನು ನೋಡಲು ಹೋಗಿದ್ದೆ. ಗದ್ದೆಯಲ್ಲಿ ಹೆಂಗಸರ ಸಾಲಿನಲ್ಲಿ ಸಸಿ ಹಚ್ಚುತ್ತಿದ್ದಳು. ನನ್ನನ್ನು ಕಂಡು ಬದುವಿನ ಕಡೆಗೆ ಬಂದಳು. ಮೊಣಕಾಲ ತನಕ ಕೆಸರು ನೀರು, ಎಡಗೈಯಲ್ಲಿ ಸಸಿಯ ಕಟ್ಟು. ಮನೆಯ ಸುದ್ದಿ ಕೇಳಿದಳು, ಮಾಸ್ತರರ ಸುದ್ದಿ ಕೇಳಿದಳು. ಮಸ್ಕಿಗೆ ಹೋದರು ಎಂದೆ.

"ಯಪ್ಪಾ, ಅವತ್ತು ಚೆನ್ನಿ ದಾಟಿದ್ಲೇನು?" ಎಂದಳು.

ನಾನು ಅವಳ ಹಸಿರು ಬಳೆಗಳನ್ನು ನೋಡಿದೆ. ಎರಡು ಆಗಲೇ ಒಡೆದಿದ್ದವು.

"ಗೊತ್ತಿಲ್ಲವ್ವ. ನಾ ಮಾಳಿಗಿ ಮ್ಯಾಲ ಇದ್ದೆ" ಎಂದೆ.

ಅಷ್ಟರಲ್ಲಿ ಸಾಲಿನವರು ಮುಂದೆ ಹೋಗಿದ್ದರು. "ಏ ಅಮರಿ, ನಿನ್ನ ಸಾಲು ಯಾರ ಹಚ್ಚಬೇಕಲೇ?" ಎಂದು ಯಾರೋ ಕೂಗಿದರು. ಅವಳು ತಿರುಗಿ, ನೀರು ತುಳಿಯುತ್ತ ತನ್ನ ಜಾಗಕ್ಕೆ ಹೋಗಿ ಬಗ್ಗಿದಳು.